ಡಾಕಪ್ಪನಿಗೆ ಬೇಕಾದ ಪುಸ್ತಕ

ರಾಣೆಬೆನ್ನೂರಿನ ಶಾಖಾ ಗ್ರಂಥಾಲಯದ ಮೇಜಿನ ಹಿಂದೆ ನಾನು ಕುಳಿತು ಹನ್ನೊಂದು ವರ್ಷವಾಯಿತು. ಈ ಹನ್ನೊಂದು ವರ್ಷ ನನ್ನ ಮೈ ಉರಿಸಿದ ಮಾತು ಒಂದೇ: "ಅಕ್ಕಾರ, ಒಂದು ಪುಸ್ತಕ ಬೇಕಾಗಿತ್ರಿ. ಹೆಸರು ಗೊತ್ತಿಲ್ಲ, ರಟ್ಟು ನೀಲಿ ಐತಿ." ನೀಲಿ ರಟ್ಟಂತೆ! ಇಲ್ಲಿರುವ ಅರ್ಧ ಪುಸ್ತಕಗಳಿಗೆ ರಟ್ಟೇ ಇಲ್ಲ. ಆದರೆ ಡಾಕಪ್ಪ ಬರತೊಡಗಿದ ಮೇಲೆ ನೀಲಿ ರಟ್ಟಿನವರೆಲ್ಲ ನನಗೆ ಬಹಳ ಬುದ್ಧಿವಂತರಾಗಿ ಕಂಡರು. ಅವನಿಗೆ ಪುಸ್ತಕದ ಹೆಸರು ಗೊತ್ತಿರಲಿಲ್ಲ, ಬಣ್ಣ ಗೊತ್ತಿರಲಿಲ್ಲ, ಅಂಥದೊಂದನ್ನು ಈ ಭೂಮಿಯ ಮೇಲೆ ಯಾರಾದರೂ ಬರೆದಿದ್ದಾರೋ ಇಲ್ಲವೋ ಅದೂ ಗೊತ್ತಿರಲಿಲ್ಲ.

"ಅಕ್ಕಾರ," ಎಂದ, "ಓದಿದವರಿಗೆ ತಿಳಿಯೂ ಹಂಗ ಬರಿಯೂದು ಹೆಂಗ ಅಂತ ಹೇಳೂ ಪುಸ್ತಕ ಐತೇನ್ರಿ?"

"ಕತಿ ಬರಿಯಾಕೇನ್ರಿ?"

"ಕತಿ ಯಾಕ್ರಿ? ಮಷೀನು ಹೆಂಗ ಚಾಲೂ ಮಾಡಬೇಕು, ಯಾವ ಬಟನ್ ಒತ್ತಬೇಕು, ಯಾವ ದೀಪ ಹತ್ತಿದ್ರ ಏನ್ ಮಾಡಬೇಕು, ಅದನ್ನ ಬರಿಯಾಕ."

ನಾನು ಎದ್ದು ಹೋಗಿ ಪತ್ರ ಬರೆಯುವುದನ್ನು ಕಲಿಸುವ ಒಂದು ಹಳೆಯ ಪುಸ್ತಕ ತಂದುಕೊಟ್ಟೆ. ರಜೆ ಅರ್ಜಿ, ಮದುವೆಯ ಕರೆಯೋಲೆ, ಸಂತಾಪ ಪತ್ರ ಎಲ್ಲ ಅದರಲ್ಲಿದ್ದವು. ಮೂರು ದಿನ ಬಿಟ್ಟು ವಾಪಸು ತಂದ. "ಇದರಾಗ ಮಷೀನಿನ ವಿಷಯ ಇಲ್ರಿ. ಆದ್ರ ಸಂತಾಪ ಪತ್ರ ಭಾರಿ ಛಲೋ ಐತಿ, ಅದನ್ನ ಬರಕೊಂಡೇನಿ, ಬೇಕಾಗ್ತೈತಿ," ಎಂದ. ಯಾರಿಗೆ ಬೇಕಾಗುತ್ತದೆ ಎಂದು ನಾನು ಕೇಳಲಿಲ್ಲ.

ಡಾಕಪ್ಪನಿಗೆ ಐವತ್ತನಾಲ್ಕು ವರ್ಷ. ಎದುರಿಗೆ ಸಿಕ್ಕಾಗ 'ರೀ' ಹಚ್ಚಿಯೇ ಮಾತಾಡಿಸುತ್ತೇನೆ, ಇಲ್ಲಿ ಏಕವಚನ ಸಲುಗೆಗೆ. ಸಣ್ಣ ಆಳು, ದೊಡ್ಡ ಬಾಯಿ. ಮಾತು ಶುರು ಮಾಡಿದನೆಂದರೆ ಎದುರಿಗಿದ್ದವರು ಎದ್ದು ಹೋದದ್ದೂ ಅವನ ಗಮನಕ್ಕೆ ಬರುವುದಿಲ್ಲ. ಇಪ್ಪತ್ತೆಂಟು ವರ್ಷ ಈ ಊರಿನ ಬೋರ್ಡುಗಳನ್ನೆಲ್ಲ ಬರೆದವನು ಅವನು. ಕಿರಾಣಿ ಅಂಗಡಿ, ಬೀಜದ ಅಂಗಡಿ, ಹಲ್ಲಿನ ದವಾಖಾನೆ, ಲಾರಿಯ ಬೆನ್ನು, ಶಾಲೆಯ ಗೋಡೆಯ ಮೇಲಿನ ಭಾರತದ ನಕಾಶೆ. ಅಕ್ಷರಗಳು ಎಷ್ಟು ದುಂಡಗಿದ್ದವೆಂದರೆ, ಹಲ್ಲುನೋವಿನವರು ಬೋರ್ಡು ನೋಡುತ್ತ ಐದು ನಿಮಿಷ ಹೊರಗೇ ನಿಲ್ಲುತ್ತಿದ್ದರು. ಆಮೇಲೆ ಫ್ಲೆಕ್ಸ್ ಬಂತು. ಕುಂಚ ತೊಳೆದು ಅಟ್ಟಕ್ಕೆ ಹಾಕಿದ ಡಾಕಪ್ಪ ನಾಲ್ಕು ವರ್ಷ ಮನೆಯಲ್ಲಿ ಕುಳಿತ.

ಆ ನಾಲ್ಕು ವರ್ಷದ ಬಗ್ಗೆ ಅವನ ಹೆಂಡತಿ ಭರಮವ್ವ ನನಗೆ ಹೇಳಿದ್ದಾಳೆ. "ಅಕ್ಕಾರ, ಈ ಮನಿಷಾ ಈಗ ತಲಿ ತಿಂತಾನಲ್ರಿ, ಆವಾಗ ಮಾತ ಆಡ್ತಿದ್ದಿಲ್ರಿ. ಮುಂಜಾನೆ ಗ್ವಾಡಿ ಕಡೆ ಮಾರಿ ಮಾಡಿ ಕುಂತ್ರ ಸಂಜಿಗೆ ಏಳ್ತಿದ್ದ. ಅದನ್ನ ನೆನಸಿಕೊಂಡ್ರ ಈಗೂ ಎದಿ ನಡುಗ್ತೈತ್ರಿ."

ಕೊನೆಗೆ ಕೈ ಹಿಡಿದವನು ಕೊಟ್ರೇಶ. ಊರ ಹೊರಗೆ ಅವನದೊಂದು ವರ್ಕ್‌ಶಾಪು, ಮೆಣಸಿನಕಾಯಿ ಒಣಗಿಸುವ ಮಷೀನು ಮಾಡುತ್ತಾನೆ. ಮೊದಲು ಡಾಕಪ್ಪನಿಗೆ ಮಷೀನಿನ ಮೇಲೆ ಹೆಸರು ಬರೆಯುವ ಕೆಲಸ ಕೊಟ್ಟ. ಆಮೇಲೆ, ಮಷೀನಿನ ಜೊತೆ ಕೊಡುವ ತಿಳುವಳಿಕೆ ಪುಸ್ತಕವನ್ನೂ ನೀನೇ ಬರಿ ಅಂದ. "ನಿನ್ನ ಅಕ್ಷರ ಚಂದ ಅದಾವ" ಎಂಬುದೇ ಅದಕ್ಕೆ ಕಾರಣ. ಅಕ್ಷರ ಚಂದ ಇದ್ದವರಿಗೆ ಎಲ್ಲವೂ ತಿಳಿದಿರುತ್ತದೆ ಎಂದು ನಂಬುವ ಜನ ನಮ್ಮ ಕಡೆ ಬಹಳ.

ಮಷೀನು ಅಂದರೆ ಕಪಾಟಿನಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ಒಳಗೆ ಜಾಳಿಗೆಯ ತಟ್ಟೆಗಳು, ಅವುಗಳ ಮೇಲೆ ಮೆಣಸಿನಕಾಯಿ ಹರವಿ ಬಾಗಿಲು ಹಾಕಿದರೆ ಬಿಸಿಗಾಳಿ ಆಡುತ್ತದೆ. ಬಾಗಿಲ ಮೇಲೆ ಎರಡು ದೀಪ. ಕೆಂಪು ಹತ್ತಿದ್ದರೆ ಇನ್ನೂ ಒಣಗುತ್ತಿದೆ, ತೆಗೆಯಬೇಡಿ. ಹಸಿರು ಹತ್ತಿದರೆ ಒಣಗಿತು, ಮಷೀನು ಬಂದ್ ಮಾಡಿ ಕಾಯಿ ತೆಗೆಯಿರಿ. ಬಂದ್ ಮಾಡದಿದ್ದರೆ ಬಿಸಿಗಾಳಿ ತನ್ನ ಪಾಡಿಗೆ ತಾನು ಆಡುತ್ತಲೇ ಇರುತ್ತದೆ. ಇಷ್ಟೇ ಸಂಗತಿ. ಇಷ್ಟನ್ನು ಡಾಕಪ್ಪ ಹದಿನಾರು ಪುಟ ಬರೆದಿದ್ದ.

ಬರೆದದ್ದನ್ನು ಗ್ರಂಥಾಲಯಕ್ಕೆ ತಂದು ನನ್ನೆದುರು ನಿಂತು ಓದಿದ. "ಸದರಿ ಯಂತ್ರವನ್ನು ಚಾಲನೆಗೊಳಿಸುವ ಪೂರ್ವದಲ್ಲಿ ಚಾಲಕರು ತಮ್ಮ ಹಸ್ತಗಳನ್ನು ಶುಷ್ಕಗೊಳಿಸಿಕೊಳ್ಳತಕ್ಕದ್ದು..."

"ಅಯ್ಯ, ನಿಲ್ಲಸ್ರಿ ಮಾರಾಯರ! ಇದೇನು ಕೋರ್ಟ್ ನೋಟೀಸೇನ್ರಿ?"

"ಬರವಣಿಗಿ ಅಂದ ಮ್ಯಾಲೆ ಒಂದು ತೂಕ ಬ್ಯಾಡೇನ್ರಿ?" ಎಂದು ಅವನು ನನ್ನನ್ನೇ ಕೇಳಿದ.

ತೂಕ ಇತ್ತು, ನಿಜ. ಮಷೀನುಗಳು ಮಾತ್ರ ವಾಪಸು ಬರತೊಡಗಿದವು. ಮೋಟೆಬೆನ್ನೂರಿನಿಂದ ಎರಡು, ಗಳಗನಾಥದ ಕಡೆಯಿಂದ ಒಂದು. ಎಲ್ಲ ಕಡೆಯಿಂದಲೂ ಒಂದೇ ದೂರು, ಅದೂ ಎರಡು ಬಾಯಿಯದು: ಈ ಮಷೀನು ಒಮ್ಮೆ ಹಸಿ ಕಾಯಿ ಕೊಡುತ್ತದೆ, ಒಮ್ಮೆ ಇದ್ದಿಲು ಕೊಡುತ್ತದೆ. ಕೊಟ್ರೇಶ ವಾಪಸು ಬಂದ ಮೂರನ್ನೂ ವರ್ಕ್‌ಶಾಪಿನಲ್ಲಿ ತಾನೇ ನಿಂತು ನಡೆಸಿ ನೋಡಿದ. ಮೂರೂ ಗರಿಗರಿಯಾಗಿ ಒಣಗಿಸಿ ಕೊಟ್ಟವು. ಮಷೀನಿನಲ್ಲಿ ತಪ್ಪಿಲ್ಲ ಅಂದರೆ ತಪ್ಪು ಪುಸ್ತಕದಲ್ಲಿದೆ ಎಂದು ತೀರ್ಮಾನಿಸಿದ. ನಾಲ್ಕನೆಯ ಮಷೀನು ಕದರಮಂಡಲಗಿಯ ಮೈಲವ್ವನ ಸಂಘಕ್ಕೆ ಹೋಗಿತ್ತು. ಮೈಲವ್ವ ಅಲ್ಲಿನ ಹೆಣ್ಣುಮಕ್ಕಳ ಸಂಘದ ಹಿರಿಯಳು.

"ಡಾಕಪ್ಪಾ," ಎಂದ ಕೊಟ್ರೇಶ, "ಶಿವರಾತ್ರಿ ಮಟಾ ನೋಡ್ತೇನಿ. ಕದರಮಂಡಲಗಿ ಮಷೀನೂ ತಿರುಗಿ ಬಂತು ಅಂದ್ರ ಈ ಮಷೀನು ಮಾಡೂದ ಬಂದ್. ಅದರ ಜೋಡಿ ನೀನೂ ಮನಿಗೆ."

ಅದನ್ನು ನನಗೆ ಹೇಳುವಾಗ ಡಾಕಪ್ಪನ ದನಿ ಸಣ್ಣದಾಗಿತ್ತು. "ಅಕ್ಕಾರ, ಇನ್ನೊಮ್ಮೆ ಮನ್ಯಾಗ ಕುಂತ್ನೆಂದ್ರ ನಾ ಏಳೂದಿಲ್ರಿ. ಖರೇ ಹೇಳ್ತೇನಿ, ನಂಗ ಹೆದರಿಕಿ ಐತ್ರಿ." ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ, ಆದ್ದರಿಂದ ಅವನನ್ನೇ ಬೈದೆ. ಆಮೇಲೆ, ಬರ್ರಿ ಹುಡುಕೋಣ ಅಂದೆ.

ಹುಡುಕಿದೆವು. ನನ್ನ ಕಪಾಟುಗಳಲ್ಲಿ ಅಡುಗೆ ಪುಸ್ತಕ ಸಿಕ್ಕಿತು. ಡಾಕಪ್ಪ ಅದನ್ನು ಎರಡು ಸಲ ಓದಿ, "ಇದು ಬರೋಬ್ಬರಿ ಐತ್ರಿ. ಮೊದಲ ಏನೇನು ಬೇಕು ಅಂತ ಹೇಳ್ತಾರ, ಆಮ್ಯಾಲೆ ಒಂದೊಂದ ಮಾಡಾಕ ಹಚ್ತಾರ," ಅಂದ. ಅದೇ ಧಾಟಿಯಲ್ಲಿ ಇನ್ನೊಮ್ಮೆ ಬರೆದ. ಬರೆದು ಕದರಮಂಡಲಗಿಗೆ ಕಳಿಸಿದ. ಅದರ ಕೊನೆಯ ಸಾಲು "ರುಚಿಗೆ ತಕ್ಕಷ್ಟು ಬಿಸಿ ಮಾಡಿಕೊಳ್ಳಿ" ಎಂದಿತ್ತು. ನಾನು ನೋಡುವ ಹೊತ್ತಿಗೆ ಅದು ಹೋಗಿ ಆಗಿತ್ತು.

ಕಪಾಟು ಮುಗಿದ ಮೇಲೆ ಒಂದು ಭಾನುವಾರ ಇಬ್ಬರೂ ಹಾವೇರಿಗೆ ಬಸ್ಸು ಹತ್ತಿದೆವು. ಅಲ್ಲಿ ಯೂಸುಫಸಾಬರ ರದ್ದಿ ಅಂಗಡಿ ಇದೆ. ಗ್ರಂಥಾಲಯದಲ್ಲಿ ಇಲ್ಲದ್ದು ರದ್ದಿಯಲ್ಲಿ ಇರುತ್ತದೆ ಎಂದು ನಾನು ಹೇಳಬಾರದು, ಆದರೂ ಇರುತ್ತದೆ. ಯೂಸುಫಸಾಬರು ತಕ್ಕಡಿ ಬದಿಗಿಟ್ಟು ಡಾಕಪ್ಪನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಅಷ್ಟು ತಾಳ್ಮೆ ಇದ್ದವರನ್ನು ನಾನು ಬೇರೆ ಕಂಡಿಲ್ಲ.

"ಮಷೀನಿನ ಜೋಡಿ ಬರೂ ಪುಸ್ತಕ ಏನ್ರಿ? ಚೀಲಗಟ್ಲೆ ಅದಾವ ಬರ್ರಿ," ಎಂದು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. "ನನ್ನ ಅಂಗಡ್ಯಾಗ ಹೊಸಾ ಮಾಲು ಅಂದ್ರ ಇದೊಂದ ನೋಡ್ರಿ. ಬಾಕಿ ರದ್ದಿ ಎಲ್ಲಾ ಹರದು, ಹೊಲಸಾಗಿ ಬರ್ತಾವ. ಇವನ್ನ ಯಾರೂ ತಗದ ಇರೂದಿಲ್ಲ."

ನಿಜವಾಗಿಯೂ ತೆಗೆದಿರಲಿಲ್ಲ. ಮಿಕ್ಸರು, ಮೋಟಾರು, ಫ್ರಿಜ್ಜು, ಔಷಧಿ ಹೊಡೆಯುವ ಪಂಪು, ರಕ್ತದೊತ್ತಡ ನೋಡುವ ಡಬ್ಬಿ, ಎಲ್ಲದರ ಪುಸ್ತಕಗಳೂ ಪ್ಲಾಸ್ಟಿಕ್ ಚೀಲ ಹರಿಯದೆ ಹಾಗೇ ಇದ್ದವು. ಡಾಕಪ್ಪ ಅವುಗಳ ನಡುವೆ ಕುಳಿತುಬಿಟ್ಟ. ಅವನ ಮುಖ ಇಳಿದುಹೋಗಿತ್ತು. "ಯಾರೂ ಓದೂದ ಇಲ್ಲಂದ್ರ ಬರದವರು ಏನ್ ಮಾಡ್ಬೇಕ್ರಿ?" ಅಂದ. ನನಗೂ ಅಯ್ಯೋ ಅನ್ನಿಸಿತು. ಒಂಬತ್ತು ಕಿಲೋ ಆರಿಸಿಕೊಂಡು ಹೊರಟೆವು. ತಕ್ಕಡಿ ಸರಿಯಾಗಲಿ ಎಂದು ಯೂಸುಫಸಾಬರು ಮೇಲೊಂದು ದಪ್ಪ ಇಂಗ್ಲಿಷ್ ಪುಸ್ತಕ ಹಾಕಿದರು. ರಟ್ಟಿಲ್ಲ, ಮೊದಲ ನಲವತ್ತು ಪುಟ ಇಲ್ಲ, ಬರೆದವರ ಹೆಸರೂ ಇಲ್ಲ. ಒಳಗೆ ಗುಂಡಿ, ದೀಪ, ಪರದೆಗಳ ಚಿತ್ರ ಇದ್ದವು.

ಆಮೇಲಿನ ಎರಡು ವಾರ ಭರಮವ್ವನ ಪಾಲಿಗೆ ಬಹಳ ಕಷ್ಟದ್ದಾಯಿತು. ಒಂಬತ್ತು ಕಿಲೋ ಓದಿದ ಡಾಕಪ್ಪ ಮನೆಯಲ್ಲಿದ್ದ ಸಕಲ ವಸ್ತುಗಳಿಗೂ ತಿಳುವಳಿಕೆ ಚೀಟಿ ಅಂಟಿಸಿದ. ಫ್ಯಾನಿನ ಗುಂಡಿಗೆ "ಇದನ್ನು ಒತ್ತಿದರೆ ತಿರುಗುವುದು". ಗ್ಯಾಸಿನ ಒಲೆಗೆ "ಇದು ಎಡದ್ದು". ನೀರಿನ ಹಂಡೆಗೆ "ಎಚ್ಚರಿಕೆ: ಬಿಸಿ ಇರಬಹುದು, ಇಲ್ಲದಿರಬಹುದು". ಉಪ್ಪಿನ ಡಬ್ಬಿಗೂ ಸಕ್ಕರೆ ಡಬ್ಬಿಗೂ ದುಂಡಗಿನ ಅಕ್ಷರದಲ್ಲಿ ಬರೆದು ಹಚ್ಚಿದ. ಭರಮವ್ವ ಸಿಟ್ಟಿಗೆದ್ದು ಒಳಗಿನ ಉಪ್ಪು ಸಕ್ಕರೆಗಳನ್ನು ಅದಲುಬದಲು ಮಾಡಿಟ್ಟಳು. ಅವನು ಚೀಟಿ ಓದಿ, ನಂಬಿ, ಉಪ್ಪಿನ ಚಹಾ ಕುಡಿದ. ಮರುದಿನ ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು.

"ಅಕ್ಕಾರ, ನಿಮ್ಮ ಲೈಬ್ರರಿಯೊಳಗ ಹುಚ್ಚು ಬಿಡಸೂ ಪುಸ್ತಕ ಇದ್ರ ಕೊಡ್ರಿ. ದಪ್ಪಂದ ಕೊಡ್ರಿ, ತಲಿ ಮ್ಯಾಲೆ ಹಾಕ್ತೇನಿ."

"ಸ್ವಲ್ಪ ತಡಕೋರಿ ಭರಮವ್ವಾರ. ಶಿವರಾತ್ರಿ ಮಟಾ," ಅಂದೆ. ಅವಳು ಸೆರಗು ಕೊಡವಿ ಹೊರಟಳು. ಹೋಗುವಾಗ ಬಾಗಿಲಲ್ಲಿ ನಿಂತು, "ಬೈಯೂದು ಬೈತೇನ್ರಿ. ಆದ್ರ ಮಾತಾಡ್ತಾನಲ್ರಿ, ಅಷ್ಟ ಸಾಕು," ಅಂದಳು.

ಆ ದಪ್ಪ ಪುಸ್ತಕ ಓದುವ ಪಾಳಿ ನನ್ನದಾಗಿತ್ತು. ನಿಘಂಟು ಪಕ್ಕಕ್ಕಿಟ್ಟುಕೊಂಡು ದಿನಕ್ಕೆ ನಾಲ್ಕು ಪುಟ. ಬರೆದ ಪುಣ್ಯಾತ್ಮನಿಗೆ ನಾನು ಹಾಕಿದ ಶಾಪ ತಟ್ಟಿದ್ದರೆ ಅವನ ಹಲ್ಲೆಲ್ಲ ಉದುರಿರಬೇಕು. ತಿಳಿಯುವ ಹಾಗೆ ಬರೆಯುವುದು ಹೇಗೆ ಎಂಬುದನ್ನೇ ಅಷ್ಟು ತಿಳಿಯದ ಹಾಗೆ ಬರೆದಿದ್ದ. ಆದರೆ ನೂರಾ ಹನ್ನೆರಡನೆಯ ಪುಟದಲ್ಲಿ ಒಂದು ಮಾತು ಸಿಕ್ಕಿತು, ಅದನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆದು ಡಾಕಪ್ಪನಿಗೆ ಕೊಟ್ಟೆ: "ಬರೆಯುವ ಮೊದಲು, ಬಳಸುವವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ. ಸಹಾಯ ಮಾಡಬೇಡಿ. ತಿದ್ದಬೇಡಿ. ಬಾಯಿ ಮುಚ್ಚಿಕೊಂಡು ನೋಡಿ. ಅವರು ತಪ್ಪಿದರೆ ತಪ್ಪು ನಿಮ್ಮದು."

ಡಾಕಪ್ಪ ಚೀಟಿಯನ್ನು ಮೂರು ಸಲ ಓದಿದ. "ಬಾಯಿ ಮುಚ್ಚಿಕೊಂಡು ಅಂದ್ರ, ಪೂರಾ ಮುಚ್ಚಿಕೊಂಡೇನ್ರಿ?"

"ಪೂರಾ."

"ಕಷ್ಟ ಐತ್ರಿ," ಅಂದ.

ಅಭ್ಯಾಸಕ್ಕೆಂದು ಒಂದು ದಿನ ಪೂರ್ತಿ ನನ್ನ ಗ್ರಂಥಾಲಯದಲ್ಲೇ ಕುಳಿತ. ಬಾಗಿಲ ಎದುರಿಗೆ "ದಯವಿಟ್ಟು ಮೌನವಾಗಿರಿ" ಎಂಬ ಬೋರ್ಡು ಇತ್ತು, ಅವನೇ ಹಿಂದೊಮ್ಮೆ ಬರೆದದ್ದು. ಸಂಜೆ ಲೆಕ್ಕ ಕೊಟ್ಟ: ಒಳಗೆ ಬಂದವರು ಮೂವತ್ತೊಂದು ಜನ, ಅದರಲ್ಲಿ ಇಪ್ಪತ್ಮೂರು ಜನ ಆ ಬೋರ್ಡನ್ನು ದೊಡ್ಡ ದನಿಯಲ್ಲಿ ಓದಿದರು. ಹನ್ನೊಂದು ವರ್ಷದಿಂದ ಈ ಗದ್ದಲ ಎಲ್ಲಿಂದ ಬರುತ್ತದೆ ಎಂದು ನಾನು ತಲೆ ಕೆಡಿಸಿಕೊಂಡಿದ್ದೆ. ಬೋರ್ಡು ತೆಗೆಸಿದೆ. ಮರುದಿನದಿಂದ ಗ್ರಂಥಾಲಯ ತಣ್ಣಗಾಯಿತು. ನನಗೆ ಆ ಪುಸ್ತಕದ ಮೇಲೆ ಮೊದಲ ಬಾರಿ ನಂಬಿಕೆ ಹುಟ್ಟಿತು.

ಶಿವರಾತ್ರಿಗೆ ಇನ್ನೆರಡು ದಿನ ಇತ್ತು. ಅಷ್ಟರಲ್ಲಿ ಕದರಮಂಡಲಗಿಯಿಂದಲೂ ಫೋನು ಬಂತು, ಬಂದು ನಿಮ್ಮ ಪೆಟ್ಟಿಗೆ ಎತ್ತಿಕೊಂಡು ಹೋಗಿರಿ ಎಂದು. ಮಧ್ಯಾಹ್ನದ ಮೇಲೆ ಮೆಹಬೂಬನ ಟೆಂಪೋ ತೆಗೆದುಕೊಂಡು ಬರುತ್ತೇನೆ ಎಂದು ಕೊಟ್ರೇಶ ಹೇಳಿದ. ಅವತ್ತು ಶನಿವಾರ. ನಾನು ಹೇಗೂ ಆ ಊರಿನ ಆಂಜನೇಯನ ಗುಡಿಗೆ ಹೋಗುವವಳು, ಡಾಕಪ್ಪ ಬೆನ್ನು ಹತ್ತಿದ. "ಟೆಂಪೋ ಬರೂ ಮಟಾ ಕುಂತು ನೋಡ್ತೇನ್ರಿ. ನೀವು ಬಾಜೂಕ ಇರ್ರಿ. ನಾ ಬಾಯಿ ತಗದ್ರ ಕಾಲು ತುಳೀರಿ," ಅಂದ.

ಮೈಲವ್ವನ ಮನೆಯ ಅಂಗಳದಲ್ಲಿ ಕಾಲಿಡಲು ಜಾಗ ಇರಲಿಲ್ಲ, ಎಲ್ಲೆಲ್ಲೂ ಮೆಣಸಿನಕಾಯಿ. ಬಿಸಿಲಿನಲ್ಲಿ ಮುಕ್ಕಾಲು ಒಣಗಿ ಸುಕ್ಕಾಗಿದ್ದವು. ಮಷೀನು ಪಡಸಾಲೆಯಲ್ಲಿತ್ತು, ಕುಂಕುಮ ಹಚ್ಚಿಸಿಕೊಂಡು ನಿಂತಿತ್ತು. ಮೈಲವ್ವ ಅರವತ್ತು ದಾಟಿದ ಗಟ್ಟಿ ಹೆಂಗಸು. ಚಹಾ ಕೊಟ್ಟಳು, ಎಲೆ ಅಡಿಕೆ ಕೊಟ್ಟಳು, ಆಮೇಲೆ ಬೈಯಲು ಸುರುಮಾಡಿದಳು.

"ಯವ್ವಾ, ಪುಸ್ತಕ ಕಳಿಸಿದ್ನಲ್ಲ, ಓದೀರೇನ್ರಿ?" ಎಂದು ಡಾಕಪ್ಪ ಕೇಳಿದ.

"ಪೂಜಿ ಮಾಡೇವಪಾ," ಎಂದಳು ಮೈಲವ್ವ. ದೇವರ ಜಗಲಿಯ ಮೇಲೆ ಅವನ ಎರಡೂ ಪುಸ್ತಕಗಳು ಅರಿಷಿಣ ಕುಂಕುಮ ಹಚ್ಚಿಸಿಕೊಂಡು ಕುಳಿತಿದ್ದವು. "ಮಷೀನು ಬಂದ ದಿನಾನ ಕಾಯಿ ಒಡದೇವಿ. ಪೂಜಿ ಮಾಡಿದ್ದನ್ನ ದಿನಾ ಹಿಡದು ಮುಸರಿ ಕೈಲೆ ಮುಟ್ಟಾಕ ಬರ್ತೈತೇನು?"

ಡಾಕಪ್ಪ ಉತ್ತರ ಕೊಡಲು ಬಾಯಿ ತೆರೆದ. ನಾನು ಕಾಲು ತುಳಿದೆ. ಅವನು ತಟ್ಟೆಯಲ್ಲಿದ್ದ ಎಲೆ ಅಡಿಕೆಯನ್ನೆಲ್ಲ ಒಟ್ಟಿಗೆ ಬಾಯಿಗೆ ತುರುಕಿಕೊಂಡು, ಗಲ್ಲ ಉಬ್ಬಿಸಿಕೊಂಡು, ಮಷೀನಿನ ಎದುರು ಚಕ್ಕಳಮಕ್ಕಳ ಹಾಕಿ ಕುಳಿತ. ಇನ್ನು ಮಾತಾಡುವ ದಾರಿಯೇ ಇರಲಿಲ್ಲ. "ನಾವು ಇಲ್ಲ ಅಂತ ತಿಳಕೊಂಡು ನಿಮ್ಮ ಕೆಲಸಾ ನೀವು ಮಾಡ್ರಿ," ಎಂದು ನಾನೇ ಹೇಳಿದೆ.

ಮೈಲವ್ವನೂ ಇನ್ನಿಬ್ಬರು ಹೆಂಗಸರೂ ತಟ್ಟೆಗಳ ಮೇಲೆ ಕಾಯಿ ಹರವಿದರು. ಕೈಗಳು ಪಟಪಟ ಆಡಿದವು. ಬಾಗಿಲು ಹಾಕಿ ಗುಂಡಿ ಒತ್ತಿದರು. ಕೆಂಪು ದೀಪ ಹತ್ತಿತು. ಮೈಲವ್ವ ದೀಪ ನೋಡಿದಳು, ನೆಲಕ್ಕೆ ಕೈ ಊರಿ ಎದ್ದಳು, ಬಾಗಿಲು ತೆರೆದುಬಿಟ್ಟಳು.

ಗಾಳಿ ಇನ್ನೂ ಬಿಸಿಯೂ ಆಗಿರಲಿಲ್ಲ. ಡಾಕಪ್ಪನ ಕಣ್ಣು ದೊಡ್ಡವಾದವು, ಗಂಟಲಿನಿಂದ "ಊಂ, ಊಂ" ಎಂದು ಸದ್ದು ಬಂತು. ನಾನು ಎರಡೂ ಕಾಲಿನಿಂದ ತುಳಿದೆ. ಮೈಲವ್ವ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಣಗಿದ ಕಾಯಿಯಾದರೆ ಒಳಗಿನ ಬೀಜ ಗಿಲಿಗಿಲಿ ಅನ್ನಬೇಕು. ಅನ್ನಲಿಲ್ಲ.

"ನೋಡ್ರಿ ಅಕ್ಕಾರ, ನೀವ ನೋಡ್ರಿ! ಕೆಂಪ ಆತು ಅಂತ ದೀಪ ತೋರಸ್ತೈತಿ, ಒಳಗ ನೋಡಿದ್ರ ಹಸಿ. ಇಂಥಾ ಸುಳ್ಳ ಮಷೀನು ಎಲ್ಲ್ಯರ ಕಂಡೀರೇನ್ರಿ? ಮತ್ತ ಒಮ್ಮೊಮ್ಮೆ ಹಸರ ಆಗಿ ಕುಂದರ್ತೈತಿ. ಇನ್ನಾ ಹಸರ ಐತಿ, ಆಗಲಿ ತಗೋ ಅಂತ ಬಿಟ್ರ, ಸಂಜಿಗೆ ತಗದು ನೋಡಿದ್ರ ಕರ್ರಗ ಇದ್ದಿಲು."

ನಾನೂ ಡಾಕಪ್ಪನೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವನು ಬಾಯಲ್ಲಿದ್ದದ್ದನ್ನೆಲ್ಲ ಒಂದೇ ಗುಟುಕಿಗೆ ನುಂಗಿಬಿಟ್ಟ.

"ಯವ್ವಾ, ಹಸರ ಇದ್ದಾಗ ಯಾಕ ಬಿಟ್ರಿ?"

ಮೈಲವ್ವ ಅವನನ್ನು ಕನಿಕರದಿಂದ ನೋಡಿದಳು. "ತಮ್ಮಾ, ನೀ ಎಂದರ ಹೊಲದಾಗ ಕಾಯಿ ಬಿಡಸೀಯೇನು? ಹಸರ ಇದ್ದದ್ದನ್ನ ಗಿಡದಾಗ ಬಿಡೂದು, ಕೆಂಪ ಆದದ್ದನ್ನ ತಗೀಯೂದು. ಆರು ವರ್ಷದಾಕಿ ಇದ್ದಾಗಿಂದ ಮಾಡೇನಿ. ಇದನ್ನೂ ನಿನಗ ಹೇಳಿ ಕೊಡಬೇಕೇನು?"

ಡಾಕಪ್ಪನಿಗೆ ಬಿಕ್ಕಳಿಕೆ ಸುರುವಾಯಿತು. ನನಗೋ, ನಗು ತಡೆಯಲಾಗಲಿಲ್ಲ, ನಾಚಿಕೆಯೂ ಆಯಿತು. ಬ್ಯಾಡಗಿ ತಾಲೂಕಿಗೆ ಮೆಣಸಿನಕಾಯಿಯ ಮಷೀನು ಮಾರಲು ಬಂದವರು ನಾವು. ಇಲ್ಲಿ ಕೆಂಪು ಅಂದರೆ ಏನು ಎಂದು ಯಾರಿಗೂ ಕೇಳಬೇಕೆನ್ನಿಸಿರಲಿಲ್ಲ. ವರ್ಕ್‌ಶಾಪಿನಲ್ಲಿ ಇದ್ದವರೆಲ್ಲ ಸಿಗ್ನಲ್ಲು ನೋಡಿ ಬೆಳೆದವರು. ಒಂಬತ್ತು ಕಿಲೋ ಪುಸ್ತಕದಲ್ಲೂ ಈ ಸಂಗತಿ ಇರಲಿಲ್ಲ.

ಡಾಕಪ್ಪ ಚೀಲದಿಂದ ಸ್ಕ್ರೂಡ್ರೈವರು ತೆಗೆದ. ದೀಪದ ಮೇಲೆ ಬಣ್ಣದ ಮುಚ್ಚಳಗಳು ಇರುತ್ತವಲ್ಲ, ಕೆಂಪನ್ನು ಹಸಿರಿನ ಜಾಗಕ್ಕೆ, ಹಸಿರನ್ನು ಕೆಂಪಿನ ಜಾಗಕ್ಕೆ ಹಾಕಿದ. ಬಿಕ್ಕಳಿಸುತ್ತ ಬಿಕ್ಕಳಿಸುತ್ತ ಐದು ನಿಮಿಷದಲ್ಲಿ ಮುಗಿಸಿದ. "ಸಾಹುಕಾರ್ರಿಗೆ ಕೇಳದ ಮಾಡಾಕತ್ತೇನ್ರಿ ಅಕ್ಕಾರ. ಹೆಂಗೂ ಮನಿಗೆ ಕಳಸ್ತಾರ," ಅಂದ. ಬಾಗಿಲು ಹಾಕಿ ಗುಂಡಿ ಒತ್ತಿದರು. ಈಗ ಹಸಿರು ಹತ್ತಿತು. ಮೈಲವ್ವ ಒಮ್ಮೆ ನೋಡಿ, "ಇನ್ನಾ ಹಸರ ಐತಿ," ಎಂದು ರೊಟ್ಟಿ ಬಡಿಯಲು ಒಳಗೆ ಹೋದಳು. ಯಾರೂ ಏನೂ ಹೇಳಿಕೊಡಲಿಲ್ಲ.

ನಾವು ಕಾದೆವು. ರೊಟ್ಟಿ, ಪುಂಡಿಪಲ್ಯ ಉಂಡೆವು. ಡಾಕಪ್ಪ ಉಣ್ಣಲಿಲ್ಲ, ದೀಪ ನೋಡುತ್ತ ಕುಳಿತ. ಎಲೆ ಅಡಿಕೆ ಇಲ್ಲದೆಯೂ ಅವನ ಬಾಯಿ ಮುಚ್ಚಿತ್ತು, ಅದನ್ನು ನೋಡಲು ನನಗೆ ಸಂಕಟವಾಯಿತು. ನಾಲ್ಕರ ಸುಮಾರಿಗೆ ಹೊರಗೆ ಟೆಂಪೋ ನಿಂತ ಸದ್ದು ಕೇಳಿತು. ಸರಿಯಾಗಿ ಅದೇ ಹೊತ್ತಿಗೆ ಕೆಂಪು ಹತ್ತಿತು. ಮೈಲವ್ವ ಮಷೀನು ಬಂದ್ ಮಾಡಿ ಬಾಗಿಲಿಗೆ ಕೈ ಹಾಕಿದಳು.

"ತಗೀಬ್ಯಾಡ್ರಿ! ಕೆಂಪ ಐತಿ!" ಎಂದು ಕೊಟ್ರೇಶ ಅಂಗಳದಿಂದಲೇ ಕೂಗಿದ.

"ಕೆಂಪ ಆಗೈತಂತನ ತಗ್ಯಾಕತ್ತೇನಿ!" ಎಂದು ಮೈಲವ್ವ ಅದಕ್ಕಿಂತ ಜೋರಾಗಿ ಕೂಗಿ ಬಾಗಿಲು ತೆರೆದಳು.

ಘಾಟು ಹೊರಗೆ ನುಗ್ಗಿತು. ಎಲ್ಲರೂ ಸೀನಿದೆವು, ಕೊಟ್ರೇಶ ಏಳು ಸಲ ಸೀನಿದ. ಮೈಲವ್ವ ಮಾತ್ರ ಸೀನಲಿಲ್ಲ. ಒಂದು ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿದಳು. ಗಿಲಿಗಿಲಿ ಅಂದಿತು. ಇನ್ನೊಂದು, ಮತ್ತೊಂದು. ಡಾಕಪ್ಪನೂ ಎರಡೂ ಕೈಯಲ್ಲಿ ಬಾಚಿಕೊಂಡು ಕಿವಿಗೆ ಹಿಡಿದ, ಮುರಿದು ನೋಡಿದ, ಬೆರಳಲ್ಲಿ ತಿಕ್ಕಿ ನೋಡಿದ. ಕಡುಗೆಂಪು, ಗರಿಗರಿ, ಒಂದೂ ಕರ್ರಗಾಗಿರಲಿಲ್ಲ.

ಏನು ಮಾಡಿದ್ದಾನೆಂದು ತಿಳಿದ ಮೇಲೆ ಕೊಟ್ರೇಶ ಕುಣಿದಾಡಿದ. "ತಲಿ ಕೆಟ್ಟೈತೇನೋ ನಿಂದು? ಇಡೀ ಜಗತ್ತಿನ್ಯಾಗ ಕೆಂಪ ಅಂದ್ರ ನಿಲ್ಲು ಅಂತ!"

"ಜಗತ್ತು ಮೆಣಸಿನಕಾಯಿ ಬಿಡಸೈತೇನ್ರಿ ಸಾವ್ಕಾರ?" ಎಂದಳು ಮೈಲವ್ವ. "ಮಷೀನು ಈಗ ಖರೇ ಹೇಳಾಕತ್ತೈತಿ. ಎತ್ತೀರಿ ಅಂದ್ರ ನೋಡ್ರಿ ಮತ್ತ. ಟೆಂಪೋ ತಿರುಗಸ್ರಿ." ಮೆಹಬೂಬ ಯಾರ ಅಪ್ಪಣೆಗೂ ಕಾಯದೆ ಟೆಂಪೋ ತಿರುಗಿಸಿ ನಿಲ್ಲಿಸಿದ.

ಕೊಟ್ರೇಶ ಮಷೀನಿನ ಹಿಂದೆ ಹೋಗಿ ವಾಯರು ನೋಡುತ್ತ ಗೊಣಗುತ್ತಿದ್ದ. ಇತ್ತ ಡಾಕಪ್ಪ ಚೀಲದಿಂದ ಕುಂಚವನ್ನೂ ಸಣ್ಣ ಬಣ್ಣದ ಡಬ್ಬಿಯನ್ನೂ ತೆಗೆದ. ಮೈಲವ್ವನ ಮಾತನ್ನು ಅವಳ ಧಾಟಿಯಲ್ಲೇ ಬಾಗಿಲ ಮೇಲೆ ಬರೆದ: "ಹಸರ ಇದ್ದಾಗ ಮುಟ್ಟಬ್ಯಾಡ್ರಿ. ಕೆಂಪ ಆದ ಮ್ಯಾಲೆ ಬಂದ್ ಮಾಡಿ ತಗೀರಿ." ಅಷ್ಟೇ. ಹದಿನಾರು ಪುಟ ಹೋಗಿ ಎರಡು ಸಾಲು. ಕೆಳಗೆ ಸಣ್ಣಕ್ಷರದಲ್ಲಿ "ಬರೆದವರು: ಮೈಲವ್ವ" ಎಂದು ಸೇರಿಸಿದ.

ಪಕ್ಕದ ಹೆಂಗಸು ಅದನ್ನು ಓದಿ ಹೇಳಿದ್ದೇ ತಡ, ಮೈಲವ್ವ ಹೌಹಾರಿದಳು. "ಏ, ನನ್ನ ಹೆಸರ ಯಾಕ ಹಾಕಿದಿ? ನಾಳೆ ಕೆಟ್ರ ಎಲ್ಲಾರೂ ನನ್ನ ಬೈತಾರ! ಒರಸು ಮೊದಲ!"

ಡಾಕಪ್ಪ ಒರೆಸಿದ. ಆಮೇಲೆ ಆ ಜಾಗದಲ್ಲಿ "ಡಾಕಪ್ಪ" ಎಂದು ಬರೆದು, ಮುಂದೆ ತನ್ನ ಫೋನ್ ನಂಬರು ಬರೆದ. ಹತ್ತು ಅಂಕಿಗಳೂ ದುಂಡಗೆ ಬಂದವು. ಅಷ್ಟರಲ್ಲಿ ಹಿಂದಿನಿಂದ ಕೊಟ್ರೇಶ ಬಂದ.

"ನಿನ್ನ ನಂಬರ ಯಾಕ ಬರದಿ?"

"ಕೆಟ್ರ ಬೈಯಾಕ ಒಬ್ರು ಬೇಕಲ್ರಿ ಸಾಹುಕಾರ್ರ."

ಇಷ್ಟು ದಿನ ಆ ಬೈಗಳೆಲ್ಲ ಕೊಟ್ರೇಶನ ಫೋನಿಗೇ ಬರುತ್ತಿದ್ದವು. ಉಣ್ಣುವಾಗ, ಸ್ನಾನ ಮಾಡುವಾಗ, ಬೀಗರ ಮನೆಯಲ್ಲಿ ಕುಳಿತಾಗ. ಅಂಕಿಗಳನ್ನು ಒಮ್ಮೆ ನೋಡಿದ, ಡಾಕಪ್ಪನನ್ನು ಒಮ್ಮೆ ನೋಡಿದ.

"ಹಂಗಾರ ಎಲ್ಲಾ ಮಷೀನಿಗೂ ನಿಂದ ಬರಿ. ವಾಪಸ್ ಬಂದಾವಲ್ಲ, ಆ ಮೂರಕ್ಕೂ ಮುಚ್ಚಳಾ ಬದಲ ಮಾಡು."

"ಅಂದ್ರ... ನಾನು ಶಿವರಾತ್ರಿ ಆದ ಮ್ಯಾಲೂ ಕೆಲಸಕ್ಕ ಬರಬೇಕೇನ್ರಿ?"

"ಬರದ ಎಲ್ಲಿ ಹೋಗ್ತಿ? ಫೋನ್ ಬಂದ್ರ ನಾ ಎತ್ಲೇನು?"

ಡಾಕಪ್ಪ ಮೆಣಸಿನಕಾಯಿಯ ಚೀಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಅಳತೊಡಗಿದ. ಸಣ್ಣ ಅಳುವಲ್ಲ, ಹೆಗಲು ಅಲುಗಾಡುವಂಥ ಅಳು. ಇಷ್ಟೂ ದಿನ ಈ ಮನುಷ್ಯ ಬಾಯಿ ತುಂಬ ಮಾತಾಡುತ್ತಲೇ ಎಷ್ಟು ಭಯ ಹೊತ್ತು ತಿರುಗಿದ್ದ ಎಂದು ಆಗ ನನಗೆ ಪೂರ್ತಿ ಗೊತ್ತಾಯಿತು. ಅವನು ಎರಡೂ ಅಂಗೈಯಿಂದ ಕಣ್ಣು ಒತ್ತಿ ಒರೆಸಿಕೊಂಡ.

"ಅಯ್ಯಯ್ಯ, ಖಾರದ ಕೈ!" ಎಂದು ಮೈಲವ್ವ ಚೀರಿದಳು. ತಡವಾಗಿತ್ತು. ಡಾಕಪ್ಪ ಎದ್ದು ಪಡಸಾಲೆಯ ತುಂಬ ಕುಣಿದ, ಕಂಬಕ್ಕೆ ಬಡಿದುಕೊಂಡ, ಕೊಟ್ರೇಶನನ್ನು ತಬ್ಬಿಕೊಂಡು ಅವನ ಬಿಳಿ ಅಂಗಿಗೆ ಮುಖ ಒರೆಸಿದ. ಇಬ್ಬರು ಹೆಂಗಸರು ಅವನನ್ನು ಹಿಡಿದು ಕೂರಿಸಿದರು. ಮೈಲವ್ವ ಒಳಗಿನಿಂದ ಮಜ್ಜಿಗೆಯ ಗಡಿಗೆಯನ್ನೇ ಎತ್ತಿ ತಂದು ಅವನ ಮುಖಕ್ಕೆ ಸುರಿದಳು.

"ಇದನ್ನೂ ಬರಿಯೋ ತಮ್ಮಾ, ಮಷೀನಿನ ಮ್ಯಾಲೆ. ಖಾರದ ಕೈ ಕಣ್ಣಿಗೆ ಹಚ್ಚಬ್ಯಾಡ್ರಿ ಅಂತ."

"ಬರೀತೇನ್ರಿ ಯವ್ವಾ, ಬರೀತೇನಿ," ಎನ್ನುತ್ತ ಡಾಕಪ್ಪ ಕಣ್ಣು ಮುಚ್ಚಿಕೊಂಡೇ ನೆಲದ ಮೇಲೆ ಕೈಯಾಡಿಸಿ ಕುಂಚ ಹುಡುಕತೊಡಗಿದ.